ಮಂಚಯ್ಯನ ಕೂಲಿ

ಸಾವಿರದ ಏಳುನೂರ ತೊಂಬತ್ತೆರಡರ ಬೇಸಗೆ. ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ್ದ ದಂಡುಗಳು ಒಪ್ಪಂದ ಮಾಡಿಕೊಂಡು ಹೊರಟುಹೋಗಿದ್ದವು. ಅವು ತುಳಿದು ಹೋದ ನಾಗಮಂಗಲದ ಸೀಮೆಯಲ್ಲಿ ಕಾಳು ತುಂಬಿಡುವ ಹಗೇವುಗಳು ಬರಿದಾಗಿದ್ದವು, ಉಳುವುದಕ್ಕೆ ಎತ್ತು ಉಳಿದಿರಲಿಲ್ಲ. ಅದೇ ಹೊತ್ತಿಗೆ ಪಟ್ಟಣದ ಕೋಟೆಯ ಬಡಗಣ ಮಗ್ಗುಲಿಗೆ ಹೊಸ ಕಂದಕ ತೋಡುವ ಕೆಲಸ ಶುರುವಾಯಿತು. ಕೆಲಸ ಇದೆಯಂತೆ, ರಾಗಿ ಕೊಡ್ತಾರಂತೆ ಅನ್ನುವ ಸುದ್ದಿ ಹಳ್ಳಿಹಳ್ಳಿಗೆ ಹರಡಿತು. ಜನ ಗಂಟುಮೂಟೆ ಕಟ್ಟಿಕೊಂಡು ನಡೆದುಬಂದರು. ಗಂಟಿನಲ್ಲಿ ಬಹಳಷ್ಟು ಮಂದಿಗೆ ಒಂದು ಮಡಕೆ, ಒಂದು ಕಂಬಳಿ ಬಿಟ್ಟರೆ ಬೇರೇನೂ ಇರಲಿಲ್ಲ.

ಕಂದಕದ ಒಂದು ಪಾಲನ್ನು ತೋಡಿಸುವ ಗುತ್ತಿಗೆ ಇನ್ನಾಸಪ್ಪ ಮೇಸ್ತ್ರಿಗೆ ಸಿಕ್ಕಿತ್ತು. ಗಂಜಾಮಿನ ಪೇಟೆಯಲ್ಲಿ ಇದ್ದ ಕೆಲವೇ ಕ್ರೈಸ್ತರ ಮನೆಗಳಿಗೆ ಅವನೇ ಮುಂದಾಳು. ಹುಟ್ಟು ಸಾಹುಕಾರನೇನಲ್ಲ. ತಾಯ್ತಂದೆ ಇಲ್ಲದೆ, ಕಲ್ಲುಕುಟಿಗರ ಹಿಂದೆ ಮಣ್ಣು ಹೊತ್ತು ಬೆಳೆದವನು. ಹೊರೆಯ ಕೆಳಗಿನ ಸಿಂಬೆ ಸವೆಸಿದ ಜಾಗದಲ್ಲಿ, ನಡುನೆತ್ತಿಯ ಮೇಲೆ, ಅವನಿಗೆ ಕೂದಲೇ ಹುಟ್ಟುತ್ತಿರಲಿಲ್ಲ. ಮಾತು ಕಡಿಮೆ, ಕುಡಿತ ಇಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಅವನಿಗೆ ಇದ್ದದ್ದು ಒಂದೇ ಹಟ. ಪಾದ್ರಿಗಳು ಈ ಕಡೆ ತಲೆ ಹಾಕದೆ ವರ್ಷಗಳಾಗಿದ್ದವು, ಹಳೇ ಗುಡಿ ಬಿದ್ದುಹೋಗಿತ್ತು. ಅವರು ಮತ್ತೆ ಬರುವ ದಿನಕ್ಕೆ ದೇವಮಾತೆಗೆ ಒಂದು ಹೊಸ ಗುಡಿ ನಿಂತಿರಬೇಕು, ಅದನ್ನು ಇನ್ನಾಸಪ್ಪ ಕಟ್ಟಿಸಿದ ಅನ್ನಬೇಕು. ಅದಕ್ಕೆ ಅಂತ ಹಿತ್ತಲಿನಲ್ಲಿ ತೇಗದ ತೊಲೆಗಳನ್ನು ಒಂದೊಂದಾಗಿ ತಂದು ಒಟ್ಟುತ್ತಿದ್ದ.

ಸರ್ಕಾರ ಆಳಿಗೆ ಇಷ್ಟು ಅಂತ ಅವನಿಗೆ ದುಡ್ಡು ಕೊಡುತ್ತಿತ್ತು, ಅವನು ಆಳುಗಳಿಗೆ ರಾಗಿ ಕೊಡುತ್ತಿದ್ದ. ಸಂಜೆ ಅಂಗಳದಲ್ಲಿ ಅದನ್ನು ಅಳೆದು ಹಾಕುವವಳು ಅವನ ಹೆಂಡತಿ ಅಣ್ಣಮ್ಮ. ಮಕ್ಕಳಿಲ್ಲದ ಮನೆ, ಕೈಗೆ ಕೆಲಸ ಬೇಕಿತ್ತು. ಮೊದಮೊದಲು ಅವಳಿಗೆ ಅದು ಇಷ್ಟದ ಕೆಲಸವೇ. ಒಬ್ಬೊಬ್ಬರಿಗೆ ಒಂದೂವರೆ ಸೇರು. ಸೆರಗು ಒಡ್ಡಿದವರ ಮುಖ ನೋಡಿ, ಊರು ಕೇಳಿ, ಸೇರಿನ ಬಾಯಿ ಗೋಪುರ ಕಟ್ಟುವ ಹಾಗೆ ತುಂಬಿ ಸುರಿಯುತ್ತಿದ್ದಳು.

ಜನ ಹೆಚ್ಚಾದರು. ಕಂದಕದ ದಡದ ಮೇಲೆ ಕೆಲಸ ಸಿಗದವರು ದಿನವಿಡೀ ಕುಕ್ಕುರುಗಾಲಲ್ಲಿ ಕೂತಿರತೊಡಗಿದರು. ಇನ್ನಾಸಪ್ಪ ಅದನ್ನು ನೋಡಿದ. ಒಂದು ಸಂಜೆ, "ಇವತ್ತಿಂದ ಒಂದೇ ಸೇರು," ಅಂದ. ಯಾರೂ ಕೆಲಸ ಬಿಟ್ಟು ಹೋಗಲಿಲ್ಲ. ಹದಿನೈದು ದಿನ ಕಳೆದ ಮೇಲೆ, "ಅಚ್ಚೇರು ಸಾಕು," ಅಂದ. ಅಂದರೆ ಅರ್ಧ ಸೇರು, ಎರಡು ಪಾವು.

"ಅಚ್ಚೇರಲ್ಲಿ ಏನಾಯ್ತದೆ?" ಅಂದಳು ಅಣ್ಣಮ್ಮ, ಜನ ಹೋದಮೇಲೆ. "ಮಣ್ಣು ಹೊರೋರು. ಒಬ್ಬರ ಹೊಟ್ಟೆಗೂ ಸಾಲ್ದು, ಮನೇಲಿ ಇರೋರಿಗೆ ಏನು ಕೊಟ್ಟಾರು?"

"ನಾನು ಯಾರನ್ನಾದ್ರೂ ಕಟ್ಟಾಕೊಂಡು ಬಂದಿದೀನಾ? ಒಲ್ಲೆ ಅನ್ನೋನು ಹೋಗ್ಲಿ. ಅಚ್ಚೇರಿಗೆ ಬರೋರು ದಡದ ಮೇಲೆ ಕೂತವ್ರೆ, ನೀನೇ ಹೋಗಿ ನೋಡು. ಕೇಳಿ, ಒಪ್ಕೊಂಡು, ಆಮೇಲೆ ತಾನೆ ಗುದ್ದಲಿ ಮುಟ್ಟಿರೋದು? ಅದರಾಗೆ ಅನ್ಯಾಯ ಎಲ್ಲಿಂದ ಬಂತು?"

ಅಣ್ಣಮ್ಮ ಮಾರನೆ ದಿನವೂ ಅಳೆದಳು. ಮುಖ ನೋಡುವುದನ್ನು ಮಾತ್ರ ಬಿಟ್ಟಳು. ಕೈಗಳನ್ನೂ ಸೆರಗುಗಳನ್ನೂ ನೋಡಿಕೊಂಡು ಸುರಿಯತೊಡಗಿದಳು.

ಅವಳು ಮತ್ತೆ ತಲೆ ಎತ್ತುವ ಹಾಗೆ ಮಾಡಿದವನು ಮಂಚಯ್ಯ. ದೇವಲಾಪುರದ ಒಕ್ಕಲು. ಹೊಲ ಇತ್ತು, ಜೋಡಿ ಎತ್ತು ಇದ್ದವು. ದಂಡು ಎತ್ತುಗಳನ್ನು ಹೊಡೆದುಕೊಂಡು ಹೋದಮೇಲೆ ಹೆಂಡತಿ ಮಾರಮ್ಮನನ್ನೂ ಹಸುಗೂಸು ಹೆಣ್ಣುಮಗುವನ್ನೂ ಕರೆದುಕೊಂಡು ಬಂದಿದ್ದ. ಕಾವೇರಿಯ ದಡದಲ್ಲಿ ಹುಲ್ಲಿನ ಗುಡಿಸಲು. ಮಾರಮ್ಮ ಹಸಿಬಾಣಂತಿ, ಕೆಲಸಕ್ಕೆ ಬರಲಾರದವಳು. ಮಂಚಯ್ಯ ಕೈಯೊಡ್ಡಿ ಕೂಲಿ ತೆಗೆದುಕೊಳ್ಳುವುದಕ್ಕೆ ಇನ್ನೂ ಕಲಿತಿರಲಿಲ್ಲ. ಅಚ್ಚೇರು ರಾಗಿಯನ್ನು ಪಂಚೆಯ ಸೆರಗಿನಲ್ಲಿ ಹಿಡಿದು ಅಲ್ಲೇ ನಿಂತ.

"ಬುದ್ಧಿ, ಇದು ಸಾಲಾಕಿಲ್ಲ," ಅಂದ ಮೇಸ್ತ್ರಿಗೆ. "ಮೂರು ಜೀವ ಐತೆ. ಎಂಡ್ತಿ ಉಂಡ್ರೆ ತಾನೆ ಮಗೀಗೆ ಆಲು? ಅವಳಿಗೆ ಇಕ್ಕಿದ್ರೆ ನಾಳೀಕೆ ಗುದ್ದಲಿ ಎತ್ತಾಕೆ ನನ್ ಕೈಲಾಗಾಕಿಲ್ಲ."

"ಸಾಲಾಕಿಲ್ಲ ಅನ್ನೋನು ಯಾಕ್ಲಾ ಒಪ್ಕೊಂಡೆ? ಅಚ್ಚೇರು ಅಂತ ಮೊದ್ಲೇ ಹೇಳ್ಲಿಲ್ವಾ?"

"ಏಳಿದ್ರಿ."

"ಹೂಂ ಅಂದ್ಯೋ ಇಲ್ವೋ?"

"ಅಂದೆ ಬುದ್ಧಿ. ಊಂ ಅಂದಿದ್ದು ನನ್ ಒಟ್ಟೆ. ಬ್ಯಾಡ ಅನ್ನಾಕೆ ಅದಕ್ಕೆ ದಾರಿ ಎಲ್ಲಿತ್ತು?"

ಇನ್ನಾಸಪ್ಪ ಮಂಚಯ್ಯನನ್ನು ಮಾರನೆ ದಿನ ಕೆಲಸಕ್ಕೆ ಸೇರಿಸಲಿಲ್ಲ. ಅವನ ಗುದ್ದಲಿಯನ್ನು ದಡದ ಮೇಲೆ ಕೂತಿದ್ದ ಇನ್ನೊಬ್ಬನ ಕೈಗೆ ಕೊಟ್ಟ. ಅದರ ಮಾರನೆ ದಿನ ಮಂಚಯ್ಯ ಬಂದು ಏನೂ ಮಾತಾಡದೆ ಸಾಲಿನಲ್ಲಿ ನಿಂತ. ಅವನ ಬಾಯಿಂದ ಮತ್ತೆ ಆ ಮಾತು ಬರಲಿಲ್ಲ.

ಮುಂಗಾರು ಸಮೀಪಿಸಿತು. ಮಳೆ ಬಿದ್ದರೆ ಈ ಒಕ್ಕಲುಗಳೆಲ್ಲ ಬಿತ್ತನೆಗೆ ಊರಿಗೆ ಓಡುತ್ತಾರೆ, ಕಂದಕ ಅರ್ಧಕ್ಕೆ ನಿಲ್ಲುತ್ತದೆ ಅನ್ನುವುದು ಇನ್ನಾಸಪ್ಪನ ಚಿಂತೆ. ಅದಕ್ಕೆ ಹೊಸ ಕಟ್ಟಳೆ ತಂದ. ಅಚ್ಚೇರಿನಲ್ಲಿ ಒಂದು ಪಾವು ಮಾತ್ರ ಕೈಗೆ. ಇನ್ನೊಂದು ಪಾವು ಮೇಸ್ತ್ರಿಯ ಹತ್ತಿರ ಇರುತ್ತದೆ, ಕೆಲಸ ಮುಗಿದ ದಿನ ಎಲ್ಲರದನ್ನೂ ಒಟ್ಟಿಗೆ ಕೊಡಲಾಗುತ್ತದೆ. ನಡುವೆ ಬಿಟ್ಟು ಹೋದವರಿಗೆ ಇಲ್ಲ.

ಆಷಾಢದಲ್ಲಿ ಒಳ್ಳೆಯ ಮಳೆ ಹುಯ್ದಿತು. ಮಂಚಯ್ಯ ಮನೆಬಾಗಿಲಿಗೆ ಬಂದ. ಕೊರಳ ಮೂಳೆಗಳು ಎದ್ದು ಕಾಣುತ್ತಿದ್ದವು, ಆದರೂ ಮುಖದಲ್ಲಿ ಒಂದು ಗೆಲವು ಇತ್ತು.

"ನಮ್ ಕಡೀಕೂ ಉಯ್ದೈತಂತೆ ಬುದ್ಧಿ. ಎತ್ತಿಲ್ದಿದ್ರೂ ಗುದ್ದಲೀಲಿ ಕೆದಕಿ ಒಂದೀಟು ಬಿತ್ಕತೀನಿ. ನನ್ ಬಾಕಿ ರಾಗಿ ಕೊಟ್ಬುಡಿ, ಅದೇ ಬಿತ್ನೆ. ಒಂಟೋಯ್ತೀನಿ."

"ಕೆಲಸ ಮುಗೀಲಿ."

"ಅಷ್ಟೊತ್ತಿಗೆ ನೆಲದ್ ಅದ ಒಂಟೋಯ್ತದೆ ಬುದ್ಧಿ."

"ಹಂಗಾದ್ರೆ ರಾಗಿ ಬುಟ್ಟು ಹೋಗು. ನಿನ್ನ ಯಾರೂ ತಡೀಲಿಲ್ಲ."

ಮಂಚಯ್ಯ ಬಾಗಿಲ ಒಳಗೆ ನಿಂತಿದ್ದ ಅಣ್ಣಮ್ಮನ ಕಡೆ ನೋಡಿದ. ದಿನವೂ ಅಳೆದು ಹಾಕಿದ ಕೈ ಅವಳದು, ಏನಾದರೂ ಹೇಳಿಯಾಳು ಅಂತ ಇರಬೇಕು. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. ಅವನು ಹೋದ.

ಬರಿಗೈಯಲ್ಲಿ ಊರಿಗೆ ಹೋಗಿ ಏನು ಬಿತ್ತುವುದು? ಅವನು ಕಂದಕದಲ್ಲೇ ಉಳಿದ. ಆ ವಾರದ ಕೊನೆಗೆ ಎರಡು ದಿನ ಎಡೆಬಿಡದೆ ಮಳೆ ಹಿಡಿಯಿತು. ನೆನೆದ ದಡದ ಕೆಳಗೆ ಅಗೆಯುತ್ತಿದ್ದವರ ಮೇಲೆ ಮಣ್ಣು ಕುಸಿಯಿತು. ಮೂವರನ್ನು ಎಳೆದು ಬದುಕಿಸಿದರು. ನಾಲ್ಕನೆಯವನು ಮಂಚಯ್ಯ. ಹಾರೆ ಗುದ್ದಲಿ ತಟ್ಟಿಕೊಡುತ್ತಿದ್ದ ಕಮ್ಮಾರ ಕಾಳಪ್ಪ ಕೈಯಲ್ಲೇ ಮಣ್ಣು ಬಗೆದು ಅವನನ್ನು ಹೊರತೆಗೆದ. ಉಸಿರು ಹೋಗಿತ್ತು. ಹೆಣ ಎತ್ತಿದಾಗ ಎಷ್ಟು ಹಗುರ ಇತ್ತೆಂದರೆ ತಾನೊಬ್ಬನೇ ಹೊತ್ತು ದಡ ಹತ್ತಿದೆ ಅಂತ ಕಾಳಪ್ಪ ಆಮೇಲೆ ಅಣ್ಣಮ್ಮನಿಗೆ ಹೇಳಿದ.

ಮಣ್ಣು ಮಾಡಿದ ಮೂರನೆಯ ದಿನ ಮಾರಮ್ಮ ಮಗುವನ್ನು ಕಟ್ಟಿಕೊಂಡು ಅಂಗಳಕ್ಕೆ ಬಂದಳು. ಸಂಜೆ, ಕೂಲಿಯ ಸಾಲು ನಿಂತಿತ್ತು. ಅವಳು ಸಾಲಿನ ಪಕ್ಕದಲ್ಲೇ ನಡೆದು ಮುಂದೆ ಬಂದಳು.

"ನನ್ ಗಂಡನ ಬಾಕಿ ರಾಗಿ ಕೊಡಿ. ಊರಿಗೋಯ್ತೀನಿ."

ಇನ್ನಾಸಪ್ಪನಿಗೂ ಅವಳನ್ನು ನೋಡಿ ಮನಸ್ಸು ಕಲಕಿತ್ತು. ಆದರೆ ಸಾಲಿನಲ್ಲಿ ನಿಂತವರೆಲ್ಲರೂ ನೋಡುತ್ತಿದ್ದರು. ಇವಳಿಗೆ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ. "ಬಾಕಿ ಮಾತು ಬೇಡಮ್ಮ, ಅದು ಕೆಲಸ ಮುಗಿಸಿದೋರಿಗೆ," ಅಂದ. "ಆದ್ರೆ ನಿನ್ನ ಸ್ಥಿತಿ ನೋಡಿ ಧರ್ಮಕ್ಕೆ ಅಂತ ಒಂದು ಸೇರು ಕೊಡ್ತೀನಿ. ಅಣ್ಣಮ್ಮ, ಹಾಕು."

ಅಣ್ಣಮ್ಮ ಸೇರು ತುಂಬಿ ಹಿಡಿದಳು. ಮಾರಮ್ಮ ಸೆರಗು ಒಡ್ಡಲಿಲ್ಲ.

"ಧರ್ಮಕ್ಕೆ ಬ್ಯಾಡ."

"ಮಗು ಇದೆಯಲ್ಲೇ," ಅಂದಳು ಅಣ್ಣಮ್ಮ ಮೆಲ್ಲಗೆ. "ತಗೊ."

"ಕೂಲಿ ಅಂತ ಕೊಡಿ, ತಕತೀನಿ. ಅಗೆದು ಸತ್ತವ್ನೆ. ಅವನ ರಾಗಿನೇ ನಂಗೆ ಭಿಕ್ಸೆ ಇಕ್ಕಿ, ನಿಮ್ ಕೈ ದೊಡ್ದು ಅನ್ನಿಸ್ಕೋಬೇಕಾ ಅಮ್ಮಾರೆ?"

ಇನ್ನಾಸಪ್ಪ ಮುಖ ತಿರುಗಿಸಿದ. ಮಾರಮ್ಮ ಮಗುವಿನ ತಲೆಗೆ ಸೆರಗು ಎಳೆದು ಹೊರಟುಹೋದಳು. ಸೇರು ಅಣ್ಣಮ್ಮನ ಕೈಯಲ್ಲಿ ಹಾಗೇ ಇತ್ತು. ಅದನ್ನು ಮತ್ತೆ ರಾಶಿಗೆ ಸುರಿಯಲು ಕೈ ಬಾರದೆ ಒಳಗೆ ತೆಗೆದುಕೊಂಡು ಹೋಗಿ ಒಲೆಯ ಪಕ್ಕ ಇಟ್ಟಳು.

ಭಾನುವಾರಗಳಲ್ಲಿ ಮೇಸ್ತ್ರಿಯ ಹಿತ್ತಲಿನಲ್ಲಿ, ತೇಗದ ತೊಲೆಗಳ ಪಕ್ಕ, ಕ್ರೈಸ್ತರು ಸೇರಿ ಜಪ ಮಾಡುತ್ತಿದ್ದರು. ಪಾದ್ರಿಗಳಿಲ್ಲದ ಕಾರಣ ಉಪದೇಶಿ ರಾಯಪ್ಪನೇ ಎಲ್ಲ ನಡೆಸುವವನು. ಕಣ್ಣು ಮಂಜಾದ ಮುದುಕ, ಹಿಂದೆ ಅಣ್ಣಮ್ಮನಿಗೂ ಜ್ಞಾನೋಪದೇಶ ಬಾಯಿಪಾಠ ಮಾಡಿಸಿದವನು. ಹಿಂದುಮುಂದಿಲ್ಲದ ಅವನು ಎರಡು ಹೊತ್ತೂ ಉಣ್ಣುತ್ತಿದ್ದದ್ದು ಮೇಸ್ತ್ರಿಯ ಮನೆಯಲ್ಲೇ. ದೇವರ ಕಟ್ಟಳೆಗಳನ್ನೂ ಪಾಪಗಳನ್ನೂ ಅವನು ಮುಂದೆ ಹೇಳುವುದು, ಜನ ಹಿಂದೆ ಹೇಳುವುದು. ಸ್ವರ್ಗಕ್ಕೆ ಮುಟ್ಟುವ ಹಾಗೆ ಕೂಗಿಕೊಳ್ಳುವ ಪಾಪಗಳು ಅಂತ ನಾಲ್ಕು ಇದ್ದವು. ಬೇಕೆಂದು ಮಾಡಿದ ಕೊಲೆ ಮೊದಲನೆಯದು. ಎರಡನೆಯದನ್ನು ಹೆಂಗಸರ ಮುಂದೆ ಅವನು ಯಾವಾಗಲೂ ಗೊಣಗಿ ದಾಟಿಸುತ್ತಿದ್ದ. ಬಡವರನ್ನು, ವಿಧವೆಯರನ್ನು, ತಬ್ಬಲಿಗಳನ್ನು ಹಿಂಸಿಸುವುದು ಮೂರನೆಯದು. ಆ ಭಾನುವಾರ ಮೂರನೆಯದು ಆದ ಕೂಡಲೇ ಅವನು ಮುಂದಿನ ಪಾಠವಾದ ದಯೆಯ ಕ್ರಿಯೆಗಳಿಗೆ ಹೋಗಿಬಿಟ್ಟ. ಬೇಸಗೆಯಿಂದಲೂ ಹೀಗೇ ಆಗುತ್ತಿದೆ ಅನ್ನುವುದು ಅಣ್ಣಮ್ಮನಿಗೆ ಆಗ ಹೊಳೆಯಿತು.

ಊಟಕ್ಕೆ ಬಡಿಸುವಾಗ ಕೇಳಿದಳು. "ತಾತ, ನಾಲ್ಕನೇದು ಎಲ್ಲೋಯ್ತು?"

"ವಯಸ್ಸಾಯ್ತಲ್ಲಮ್ಮ. ಮರೀತದೆ."

"ನಾನು ಚಿಕ್ಕೋಳಿದ್ದಾಗ ಅದನ್ನ ತಪ್ಪಿದ್ದಕ್ಕೆ ನನ್ನ ಕಿವಿ ಹಿಂಡಿದ್ರಿ."

ಮುದುಕ ತುತ್ತು ತಟ್ಟೆಗೆ ಬಿಟ್ಟ. "ನಾನು ಎಲ್ಲಿ ಉಣ್ಲಿ ಅಣ್ಣಮ್ಮ?" ಅಂದ. "ಈ ತಟ್ಟೆ ಮುಂದೆ ಕೂತ್ರೆ ಆ ಮಾತು ಗಂಟಲಲ್ಲೇ ನಿಲ್ತದೆ. ಕೂಲಿಯವನ ಕೂಲಿ ಹಿಡಿದಿಟ್ಕೊಳ್ಳೋದು ಕೊಲೆಯ ಸಾಲಿನಾಗೆ ಬರೋ ಪಾಪ. ಹಸಿದೋನು ಒಪ್ಕೊಂಡ ಅಂದ್ರೆ ಅದು ಒಪ್ಪಿಗೆ ಅಲ್ಲ, ನೀರಾಗೆ ಮುಳುಗೋನು ಹುಲ್ಲುಕಡ್ಡಿ ಹಿಡಿದಂಗೆ. ಆ ರಾಗಿ ಅವರದು. ಅದನ್ನ ಮಾರಿ ಗುಡಿ ಕಟ್ಟಿದ್ರೂ ಅದು ಅವರದೇ. ನಂಗೆಲ್ಲಾ ಗೊತ್ತು. ಗೊತ್ತಿದ್ದೂ ಉಣ್ತಾ ಇದೀನಿ."

ಮುಂದಿನ ಭಾನುವಾರ ಮೂರನೆಯದು ಹೇಳಿದ ಮೇಲೆ ರಾಯಪ್ಪ ನಿಂತ. ಗಂಟಲು ಸರಿಮಾಡಿಕೊಂಡ. ನಾಲ್ಕನೆಯದನ್ನು ಗಟ್ಟಿಯಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದ. ಜನ ಮೇಸ್ತ್ರಿಯ ಕಡೆ ನೋಡಿ ಬಾಯಿ ಮುಚ್ಚಿಕೊಂಡರು. ಅಣ್ಣಮ್ಮ ಒಬ್ಬಳೇ ಅವನ ಹಿಂದೆ ಹೇಳಿದಳು. ಇನ್ನಾಸಪ್ಪ ಎದ್ದು ಒಳಗೆ ಹೋದ.

ಅಂದು ಸಂಜೆಯೇ ಮುದುಕನಿಗೆ ಬೇರೆ ಕಡೆ ಊಟ ನೋಡಿಕೊಳ್ಳಿ ಅಂತ ಹೇಳಿ ಕಳಿಸಿದ. ಪೇಟೆಯ ಮಿಕ್ಕ ಮನೆಯವರೂ ಮೇಸ್ತ್ರಿಯ ಕೆಲಸ ನಂಬಿಕೊಂಡವರೇ, ಯಾರೂ ಕರೆಯಲಿಲ್ಲ. ರಾಯಪ್ಪ ಹಿರೋಡೆಗೆ ಹೋದ. ಅಲ್ಲಿ ಪರಂಗಿ ಸಿಪಾಯಿಗಳ ಪಾಳ್ಯದಲ್ಲಿ ಕೆಲವು ಕ್ರೈಸ್ತ ಸಂಸಾರಗಳಿದ್ದವು. ಮುದುಕ ಆ ಚಳಿಗಾಲ ದಾಟಲಿಲ್ಲ ಅಂತ ಬಹಳ ದಿನಗಳ ಮೇಲೆ ಸುದ್ದಿ ಬಂತು. ಬಾಯಿ ತೆರೆಸಿದವಳು ನಾನು, ಅನ್ನ ಕೊಡಲಾರದೆ ಹೋದವಳೂ ನಾನೇ ಅನ್ನುವುದು ಅಣ್ಣಮ್ಮನಿಗೆ ಕೊನೆಯವರೆಗೂ ನುಂಗಲಾರದ ಮಾತಾಗಿ ಉಳಿಯಿತು.

ರಾಯಪ್ಪ ಹೊರಟ ಮಾರನೆ ಬೆಳಿಗ್ಗೆ ಅವಳು ಗಂಡನ ಮುಂದೆ ನಿಂತು ಹೇಳಿದಳು. "ಮಂಚಯ್ಯನ ರಾಗಿ ತಗೊಂಡು ದೇವಲಾಪುರಕ್ಕೆ ಹೋಗ್ತೀನಿ. ಒಂದೂವರೆ ಸೇರಿನ ಲೆಕ್ಕದಲ್ಲಿ ಎಷ್ಟಾಯ್ತದೋ ಅಷ್ಟೂ."

"ತಲೆ ಕೆಟ್ಟಿದೆಯಾ?"

"ಅಳೆದೋಳು ನಾನು. ನಂಗೆ ಗೊತ್ತದೆ ಎಷ್ಟು ಅಂತ."

"ಹೋಗೋದಾದ್ರೆ ತಿರುಗಿ ಬರಬೇಡ," ಅಂದ ಇನ್ನಾಸಪ್ಪ. ಆದರೆ ಅವಳು ಹಗೇವಿನಿಂದ ರಾಗಿ ತೆಗೆದು ಚೀಲಕ್ಕೆ ತುಂಬುವಾಗ ಅಡ್ಡ ಬರಲಿಲ್ಲ. ಕಾಳಪ್ಪ ತನ್ನ ಎರಡು ಕತ್ತೆಗಳನ್ನು ಹೊಡೆದುಕೊಂಡು ಜೊತೆಗೆ ಬಂದ.

ಹಿರೋಡೆ ದಾಟಿದ ಮೇಲೆ ದಾರಿಯುದ್ದಕ್ಕೂ ಬೀಳು ಹೊಲಗಳೇ. ಮಳೆ ಬಿದ್ದಿತ್ತು, ನೆಲ ಹದವಾಗಿತ್ತು, ಬಿತ್ತುವವರಿರಲಿಲ್ಲ. ಹಸಿರು ಕಂಡದ್ದೆಲ್ಲ ಬರಿಯ ಹುಲ್ಲು. ದೇವಲಾಪುರದಲ್ಲಿ ಸುಟ್ಟ ಮನೆಗಳ ನಡುವೆ ನಾಲ್ಕಾರು ಒಲೆಗಳು ಉರಿಯುತ್ತಿದ್ದವು. ದೊಡ್ಡತಾಯಮ್ಮ ಅನ್ನುವ ಮುದುಕಿ, ಅಣ್ಣೆಸೊಪ್ಪು ಬಿಡಿಸುತ್ತಾ ಕೂತಿದ್ದವಳು, ಮಂಚಯ್ಯನ ಹೊಲ ತೋರಿಸಿದಳು. ಅದೂ ಬೀಳೇ.

"ಮಾರಿ ಬಂದಿದ್ಲು ಕಣವ್ವ. ಎರಡು ದಿನ ಇದ್ಲು. ಇಲ್ಲೇನೈತೆ ತಿನ್ನಾಕೆ? ಸಿಂಧಗಟ್ಟಕ್ಕೆ ಒಂಟೋದ್ಲು, ಅವಳಣ್ಣ ಕೆಂಪಣ್ಣನ ಮನೇಗೆ. ಮಗಾ ಆಗಲೇ ಅಳೋದ ಬುಟ್ಬುಟ್ಟಿತ್ತು."

ಆ ಕೊನೆಯ ಮಾತು ಅಣ್ಣಮ್ಮನಿಗೆ ಅರ್ಥವಾದದ್ದು ಸಿಂಧಗಟ್ಟ ತಲುಪಿದ ಮೇಲೆ.

ಕೆಂಪಣ್ಣನ ಮನೆಯ ಜಗುಲಿಯ ಮೇಲೆ ಮಾರಮ್ಮ ಒಬ್ಬಳೇ ಕೂತಿದ್ದಳು. ಮಡಿಲಲ್ಲಿ ಮಗು ಇರಲಿಲ್ಲ. ಕೆಂಪಣ್ಣ ಹೊರಗೆ ಬಂದು, ಇವರು ಯಾರು ಅನ್ನುವುದು ತಿಳಿದ ಕೂಡಲೇ ಕತ್ತೆಯ ಹಗ್ಗ ಹಿಡಿದ.

"ಆಲು ಬತ್ತಿ ಕೂಸು ಸತ್ತ ಮ್ಯಾಕೆ ರಾಗಿ ತಂದವ್ರಾ? ತಿರುಗಿಸ್ಲಾ ಕತ್ತೇನ, ಕಮ್ಮಾರ! ಇಲ್ದಿದ್ರೆ ನಾನೇ ತಿರುಗಿಸ್ತೀನಿ."

"ಬುಡಣ್ಣ," ಅಂದಳು ಮಾರಮ್ಮ. ಎದ್ದು ಬಂದು ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ರಾಗಿ ತೆಗೆದು ನೋಡಿದಳು. "ಇದು ಧರ್ಮಕ್ಕೋ?"

"ಅಲ್ಲ. ಮಂಚಯ್ಯನ ಕೂಲಿ. ಮೊದಲಿದ್ದ ಒಂದೂವರೆ ಸೇರಿನಂಗೆ, ಪೂರಾ."

"ಅಂಗಾದ್ರೆ ಇಳಿಸಿ. ನಮ್ದೇ ತಾನೆ."

ಕಾಳಪ್ಪ ಚೀಲಗಳನ್ನು ಇಳಿಸಿ ಒಳಗಿಟ್ಟ. ಅಣ್ಣಮ್ಮ ಕೈ ಜೋಡಿಸಿ ಕ್ಷಮೆ ಕೇಳಹೋದಳು. ಮಾರಮ್ಮ ತಡೆದಳು.

"ಅದ ಕೇಳ್ಬ್ಯಾಡಿ ಅಮ್ಮಾರೆ. ನನ್ ತಾವ ಇಲ್ಲ. ನೀವು ಕೊಡ್ಬೇಕಾಗಿತ್ತು, ಕೊಟ್ರಿ. ಅಷ್ಟೇಯ." ಆಮೇಲೆ, ಅಣ್ಣಮ್ಮ ಹೊರಡಲು ತಿರುಗಿದಾಗ, ಹಿಂದಿನಿಂದ ಕೇಳಿದಳು. "ಮಿಕ್ಕೋರಿಗೆ?"

"ಏನು?"

"ಸಾಲ್ನಾಗೆ ನನ್ ಗಂಡ ಒಬ್ನೇ ನಿಂತಿದ್ನಾ? ಅವನು ಸತ್ತ, ನಾನು ಬಂದು ಕೇಳ್ದೆ, ಅದಕ್ಕೆ ಇಲ್ಗಂಟ ಬಂದ್ರಿ. ಸಾಯದೆ ಇನ್ನೂ ಅಗೀತಾ ಅವ್ರಲ್ಲ, ಅವರಿಗೆ?"

ತಿರುಗಿ ಬರುವ ದಾರಿಯಲ್ಲಿ ಅಣ್ಣಮ್ಮ ತಾನು ಅಳೆದು ಹಾಕಿದವರ ಊರುಗಳನ್ನು ಒಂದೊಂದಾಗಿ ನೆನೆದುಕೊಂಡಳು.

ಮನೆಯ ಬಾಗಿಲು ಅವಳಿಗೆ ಮುಚ್ಚಿರಲಿಲ್ಲ. ಇನ್ನಾಸಪ್ಪ ಜಗುಲಿಯ ಮೇಲೆ ಕಾದು ಕೂತಿದ್ದ. ಈ ದಿನಗಳಲ್ಲಿ ಅವನೂ ಸರಿಯಾಗಿ ಉಂಡಂತೆ ಕಾಣಲಿಲ್ಲ. ಮಗು ಹೋದದ್ದನ್ನೂ ಮಾರಮ್ಮ ಕೇಳಿದ್ದನ್ನೂ ಅವಳು ಹೇಳಿದಳು. ಅವನು ನೆತ್ತಿಯ ಮೇಲಿನ ಬೋಳು ಜಾಗವನ್ನು ಅಂಗೈಯಿಂದ ತಿಕ್ಕಿಕೊಂಡ.

"ನಾನು ಹೊತ್ತೆ. ನಂಗೆ ಯಾರು ಕೊಟ್ರು? ಲೇ ಇನ್ನಾಸ, ಹೊಟ್ಟೆ ತುಂಬ್ತಾ ಅಂತ ಒಬ್ಬನಾದ್ರೂ ಕೇಳಿದ್ನಾ?"

"ಕೇಳ್ಬೇಕಾಗಿತ್ತು. ಕೇಳದೆ ಇದ್ದದ್ದು ಅವರ ಪಾಪ. ಅದನ್ನ ಇವರ ಹತ್ರ ವಸೂಲು ಮಾಡ್ತೀರಾ?"

"ಗುಡಿಗೆ ತಾನೆ ಕೂಡಿಡ್ತಿರೋದು! ನಂಗೇನು ಹೆಂಡಕ್ಕಾ?"

ಅವಳು ಮಾರನೆ ಬೆಳಿಗ್ಗೆ ಅಟ್ಟದ ಮೇಲಿದ್ದ ಮಂಕರಿ ತೆಗೆದುಕೊಂಡು ಕಂದಕಕ್ಕೆ ಹೋಗಿ ಮಣ್ಣು ಹೊರುವ ಹೆಂಗಸರ ಸಾಲಿನಲ್ಲಿ ನಿಂತಳು. ಮೇಸ್ತ್ರಿಯ ಹೆಂಡತಿ ಅಂತ ಹೆಂಗಸರು ಮೊದಲು ಅಂಜಿದರು, ಇದೇನು ತಮಾಷೆಯೋ ಅಂತ ಒಬ್ಬಿಬ್ಬರು ಬೈದುಕೊಂಡರು. ಸಂಜೆ ಅಂಗಳದಲ್ಲಿ ಅಳೆಯುವವರಿಲ್ಲದೆ ಇನ್ನಾಸಪ್ಪನೇ ಅಳೆಯಬೇಕಾಯಿತು. ಅವಳ ಸರದಿ ಬಂತು. ಸೆರಗು ಒಡ್ಡಿದಳು. ಅವನು ಪಾವು ಹಿಡಿದು ಅವಳ ಮುಖ ನೋಡಿದ. ಹಿಂದೆ ಸಾಲು ಕಾಯುತ್ತಿತ್ತು. ಒಂದು ಪಾವು ಸುರಿದ.

ಅವಳು ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ ಅದನ್ನೇ ಬೇಯಿಸಿಕೊಂಡಳು. ಗಂಡನಿಗೆ ಮನೆಯೊಳಗೆ ಮಾಡಿಟ್ಟಳು, ತಾನು ಮುಟ್ಟಲಿಲ್ಲ. ಹೀಗೆ ವಾರಗಳು ಕಳೆದವು. ಬಳೆ ಮೊಣಕೈವರೆಗೆ ಜಾರುವ ಹಾಗಾಯಿತು. ಹಸಿವು ಏನು ಅಂತ ಅವಳು ತಿಳಿದುಕೊಂಡದ್ದು ಆಗ. ಬೆಳಿಗ್ಗೆ ಅದು ನೋವಾಗಿರುತ್ತಿತ್ತು, ಮಧ್ಯಾಹ್ನಕ್ಕೆ ಕೋಪವಾಗುತ್ತಿತ್ತು, ಸಂಜೆ ಆ ಒಂದು ಪಾವಿಗೆ ಯಾರ ಕಾಲನ್ನಾದರೂ ಹಿಡಿಯಬಹುದು ಅನ್ನಿಸುತ್ತಿತ್ತು. ತನ್ನ ಕೈಯಿಂದ ಅಳೆಸಿಕೊಂಡವರು ಮಾಡುತ್ತಿದ್ದ ನಮಸ್ಕಾರಕ್ಕೆ ಅರ್ಥ ಇದೇ ಎಂದು ತಿಳಿದು ನಾಚಿದಳು. ಭಾದ್ರಪದದ ಒಂದು ದಿನ ತುಂಬಿದ ಮಂಕರಿಯ ಸಮೇತ ದಡದ ಮೇಲೆ ಬಿದ್ದಳು.

ಇನ್ನಾಸಪ್ಪ ಅವಳನ್ನು ಹೊತ್ತುಕೊಂಡು ಮನೆಗೆ ಬಂದ. ಅಂದು ಗಂಜಿ ಕುಡಿಸಲು ಕೂತವನು ಬಹಳ ಹೊತ್ತು ಅತ್ತ. ಮಾರನೆ ದಿನದಿಂದ ಆಳಿಗೆ ಒಂದು ಸೇರು ಕೊಟ್ಟ. ತಡೆಹಿಡಿದಿದ್ದ ರಾಗಿಯನ್ನು ಆಗ ಕೆಲಸದಲ್ಲಿದ್ದವರಿಗೆ ಹಂಚಿದ. ಆದರೆ ಒಂದೂವರೆಗೆ ಬರಲಿಲ್ಲ. ಬಿಟ್ಟು ಹೋದವರನ್ನು ಹುಡುಕಿ ಕೊಡಿ ಅಂತ ಅಣ್ಣಮ್ಮ ಕೇಳಿದರೆ, "ಮುಂದಿನ ವರ್ಷ ನೋಡೋಣ," ಅನ್ನುತ್ತಿದ್ದ. ಮುಂದಿನ ವರ್ಷ ಬಂದಾಗಲೂ ಹಾಗೇ ಅಂದ. ತೊಲೆಗಳ ರಾಶಿ ಬೆಳೆಯಿತು.

ಏಳು ವರ್ಷಗಳ ಮೇಲೆ ಪಟ್ಟಣಕ್ಕೆ ಮತ್ತೆ ಮುತ್ತಿಗೆ ಬಿತ್ತು. ಒಡೆದ ಗೋಡೆಗೆ ಮಣ್ಣು ತುಂಬಿಸುತ್ತಿದ್ದ ಇನ್ನಾಸಪ್ಪ ಫಿರಂಗಿ ಗುಂಡಿಗೆ ಸಿಕ್ಕಿ ಸತ್ತ. ಪಾಪನಿವೇದನೆಗೆ ಪಾದ್ರಿಗಳಿರಲಿಲ್ಲ. ಪಟ್ಟಣ ಬಿದ್ದು, ಗಲಭೆ ಅಡಗಿ, ಮಳೆಗಾಲ ಕಳೆದ ಮೇಲೆ ಒಬ್ಬ ಪಾದ್ರಿಸ್ವಾಮಿ ಗಂಜಾಮಿಗೆ ಬಂದರು. ಬಡಕಲು ಆಸಾಮಿ, ಕನ್ನಡ ಅಷ್ಟಕ್ಕಷ್ಟೆ. ಪೇಟೆಯ ಜನ ಅವರನ್ನು ಕರೆದುಕೊಂಡು ಬಂದು ಹಿತ್ತಲಿನ ತೊಲೆಗಳನ್ನು ತೋರಿಸಿದರು. ಇಷ್ಟು ಮರ ಇದ್ದರೆ ಬೇಸಗೆಗೆ ಗುಡಿ ಎದ್ದು ನಿಲ್ಲುತ್ತದೆ ಅಂತ ಎಲ್ಲರಿಗೂ ಸಂಭ್ರಮ.

ಅಣ್ಣಮ್ಮ ಅವರನ್ನು ಒಂದು ಕಡೆಗೆ ಕರೆದು ನಡೆದದ್ದೆಲ್ಲ ಹೇಳಿದಳು. "ನಮ್ಮನೆಯೋರು ಪಾಪ ಹೇಳ್ಕೊಳ್ಳದೆ ಹಂಗೇ ಹೋದ್ರು ಸ್ವಾಮಿ. ಅವರ ಗತಿ ಏನು?"

"ಅದು ದೇವರಿಗೆ ಗೊತ್ತು, ನನಗೆ ಗೊತ್ತಿಲ್ಲ. ಬಾಕಿ ಇನ್ನೂ ಇದೆಯಾ?"

"ಇದೆ. ಅವರ ಆತ್ಮದ ಪೂಜೆಗೆ ಅಂತ ಈ ಮರ ತಗೊಳ್ಳಿ ಅನ್ನೋಣ ಅಂತಿದ್ದೆ."

"ಈ ಮರ ಯಾರದು?"

ಅವಳು ತೊಲೆಗಳ ಕಡೆ ನೋಡಿದಳು. "ಮಣ್ಣು ಹೊತ್ತೋರದು," ಅಂದಳು ಕೊನೆಗೆ.

"ಹಾಗಾದರೆ ನೀವು ಕೊಡೋಕೆ ಆಗೋದಿಲ್ಲ. ನಾನು ತಗೊಳ್ಳೋಕೂ ಆಗೋದಿಲ್ಲ. ಪೂಜೆ ನಾನು ಸುಮ್ಮನೆ ಮಾಡ್ತೀನಿ. ನೀವು ಇದನ್ನ ಮಾರಿ, ಕೊಡಬೇಕಾದೋರಿಗೆ ಕೊಡಿ."

ಪೇಟೆಯವರಿಗೆ ಸಿಟ್ಟು ಬಂತು. ಗುಡಿಯ ಸೂರಿಗೆ ಹುಲ್ಲೇ ಗತಿಯಾಯಿತು, ಈ ಹೆಂಗಸು ದೇವಮಾತೆಯ ಮರ ಮಾರಿ ಹಳ್ಳಿಯವರಿಗೆ ಹಂಚುತ್ತಾಳೆ ಅಂತ ಬಹಳ ಕಾಲ ಆಡಿಕೊಂಡರು. ಅಣ್ಣಮ್ಮ ತೊಲೆ ಮಾರಿದ ದುಡ್ಡಿಗೆ ರಾಗಿ ಕೊಂಡು, ಕಾಳಪ್ಪನ ಕತ್ತೆಗಳ ಮೇಲೆ ಹೇರಿ, ನೆನಪಿದ್ದ ಊರುಗಳಿಗೆ ಹೊರಟಳು. ಬಹಳಷ್ಟು ಮನೆಗಳಲ್ಲಿ ಅವಳು ಹೆಸರು ಹಿಡಿದು ಕೇಳಿದವರು ಇರಲಿಲ್ಲ. ಕೆಲವು ಊರುಗಳಲ್ಲಿ ಮನೆಗಳೇ ಇರಲಿಲ್ಲ.

ಶೀಳನೆರೆಯಲ್ಲಿ ಸೋಮಯ್ಯ ಅನ್ನುವವನ ಮನೆ ಸಿಕ್ಕಿತು. ಬಾಕಿ ಅನ್ನುವ ಮಾತು ಕೇಳಿ ಅವನ ಸೊಸೆ ಪುಟ್ಟತಾಯಮ್ಮ ಬಾಗಿಲು ಅರ್ಧ ತೆರೆದು ನಿಂತಳು. "ಮಾವ ಓಗಿ ಆರೇಳು ವರ್ಸ ಆಯ್ತು. ಯಾವ್ ಸಾಲ ಕಣವ್ವ? ನಮ್ ತಾವ ಕೊಡಾಕೆ ಏನೂ ಇಲ್ಲ."

"ನೀವು ಕೊಡೋದಲ್ಲ. ನಾನು ಕೊಡ್ಬೇಕು. ಪಟ್ಟಣದ ಕಂದಕದಾಗೆ ಅವರು ದುಡಿದಿದ್ದು."

ಪುಟ್ಟತಾಯಮ್ಮ ನಂಬಲಿಲ್ಲ. ನೆರೆಮನೆಯವರನ್ನು ಕರೆದಳು, ಅವರೂ ಬಂದು ಚೀಲವನ್ನೂ ಅಣ್ಣಮ್ಮನನ್ನೂ ನೋಡಿದರು. ಕೊನೆಗೆ ಒಳಗಿಂದ ಮೊರ ತಂದು ಹಿಡಿದಳು. ರಾಗಿ ಬೀಳುತ್ತಿದ್ದ ಹಾಗೆ ಅವಳ ಕಣ್ಣು ಅದರ ಮೇಲೇ ಇತ್ತು.

"ಅಲ್ಲಿಂದ ಬಂದೋರು ಮ್ಯಾಕೇಳ್ಲೇ ಇಲ್ಲ ಮಾವ. ಬರೀ ಸೊಪ್ಪು ತಿಂದು ಎಷ್ಟು ದಿನ ಇದ್ದಾರು?" ಅಂದಳು. ಸಿಟ್ಟಿನ ದನಿಯಲ್ಲ, ಮಳೆ ತಡವಾಯಿತು ಅನ್ನುವ ಹಾಗೆ. "ಅವತ್ತೇ ಕೊಟ್ಟಿದ್ರೆ ಉಳೀತಿದ್ರೇನೋ."

ಮೊರ ತುಂಬಿತು, ಪುಟ್ಟತಾಯಮ್ಮ ಒಳಗೆ ಸುರಿದು ಮತ್ತೆ ತಂದು ಹಿಡಿದಳು. ಅಣ್ಣಮ್ಮ ಅಳೆಯುತ್ತಲೇ ಇದ್ದಳು.